ಅಳಿವೆಯಿಂದ ಅಳಿವೆಗೆ: ಕರಾವಳಿಯಲ್ಲಿ ಒಂಟಿ ಪಯಣ

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಕಾರವಾರ ಮುಟ್ಟಬಹುದು. ಆದರೆ ಹಾಗೆ ಹೋದವರಿಗೆ ಕರಾವಳಿ ಸಿಗುವುದಿಲ್ಲ. ಮರವಂತೆಯಲ್ಲೊಮ್ಮೆ ಸಮುದ್ರ ಪಕ್ಕಕ್ಕೆ ಬಂದು ಹೋಗುತ್ತದೆ, ಸೇತುವೆಗಳ ಮೇಲಿಂದ ತೆಂಗಿನ ಸಾಲು ಕಾಣುತ್ತದೆ, ಅಷ್ಟೆ. ಕರಾವಳಿಯ ಬದುಕು ಇರುವುದು ಹೆದ್ದಾರಿಯಿಂದ ಪಡುವಣಕ್ಕೆ ಎರಡು ಮೂರು ಕಿ.ಮೀ. ಒಳಗೆ. ಗದ್ದೆ ಬಯಲು, ಮೀನು ಒಣಗಿಸುವ ಅಂಗಳ, ದೋಣಿ ಎಳೆದಿಟ್ಟ ಮರಳು, ದೈವಸ್ಥಾನ, ಇಗರ್ಜಿ, ಮಸೀದಿ, ಚಹಾ ಕೊಡುವ ಗೂಡಂಗಡಿ ಎಲ್ಲವೂ ಅಲ್ಲಿವೆ.

ಈ ಒಳದಾರಿಗಳು ಯಾವುವೂ ಉದ್ದಕ್ಕೆ ಸಾಗುವುದಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಹೊಳೆ ಅಡ್ಡ ಬರುತ್ತದೆ, ದಾರಿ ಮುಗಿಯುತ್ತದೆ. ನೇತ್ರಾವತಿ, ಫಲ್ಗುಣಿ, ಶಾಂಭವಿ, ಉದ್ಯಾವರ ಹೊಳೆ, ಸ್ವರ್ಣಾ, ಸೀತಾ, ಗಂಗೊಳ್ಳಿಯಲ್ಲಿ ಒಂದಾಗುವ ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಇವೆಲ್ಲ ಸೇರಿ ಕರಾವಳಿಯನ್ನು ತುಂಡು ತುಂಡಾಗಿ ಮಾಡಿವೆ. ಹೊಳೆ ದಾಟಿದ ಹಾಗೆ ಮಾತಿನ ಧಾಟಿ ಬೇರೆ, ಮೀನು ಸಾರಿನ ಬಣ್ಣ ಬೇರೆ. ಆದ್ದರಿಂದ ಬೀಚುಗಳ ಪಟ್ಟಿ ಹಿಡಿದು ಹೊರಡಬೇಡಿ ಎಂಬುದು ನನ್ನ ಮೊದಲ ಸಲಹೆ. ಹೊಳೆ ಕಡಲು ಸೇರುವ ಅಳಿವೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಒಂದೊಂದರ ತುದಿಯವರೆಗೂ ಹೋಗಿ, ಸಾಕೆನಿಸುವವರೆಗೆ ಕೂತು, ಬಂದ ದಾರಿಯಲ್ಲೇ ಹಿಂದಿರುಗಿ ಮುಂದಿನದಕ್ಕೆ ಹೋಗಿ. ನಾಲ್ಕು ಜನ ಒಂದು ಕಾರಿನಲ್ಲಿದ್ದರೆ ಇದು ಆಗದ ಮಾತು. ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ಅವಸರ. ಒಂಟಿಯಾಗಿ ಹೊರಟವರಿಗೆ ಮಾತ್ರ ಇದು ಹೇಳಿ ಮಾಡಿಸಿದ ಕ್ರಮ. ಐದರಿಂದ ಏಳು ದಿನ ಇಟ್ಟುಕೊಳ್ಳಿ.

ಯಾವಾಗ ಹೊರಡಬೇಕು, ಯಾವ ಕಡೆಯಿಂದ

ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಕಡಲು ತಣ್ಣಗಾಗಿರುತ್ತದೆ, ದೋಣಿಗಳು ಓಡುತ್ತಿರುತ್ತವೆ. ನವೆಂಬರ್ ಕಳೆಯುತ್ತಿದ್ದಂತೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ಮೇ ಕೊನೆಯ ವಾರ, ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಬರುವವರೆಗೂ ಯಾವುದಾದರೊಂದು ಊರಿನ ಬಯಲಲ್ಲಿ ಆಟ ಇದ್ದೇ ಇರುತ್ತದೆ. ಒಬ್ಬರೇ ತಿರುಗುವವರಿಗೆ ಸಂಜೆಯ ಹೊತ್ತು ಭಾರ ಎನಿಸುವುದುಂಟು. ಆ ಹೊತ್ತಿಗೆ ಹರಕೆಯಾಟದಷ್ಟು ಒಳ್ಳೆಯ ಆಸರೆ ಬೇರೊಂದಿಲ್ಲ. ಟಿಕೆಟ್ ಇಲ್ಲ, ಪರಿಚಯ ಬೇಕಿಲ್ಲ, ಒಂದು ಕುರ್ಚಿ ಎಳೆದುಕೊಂಡು ಕೂತರಾಯಿತು. ದಾರಿ ಬದಿಯ ಬ್ಯಾನರುಗಳ ಮೇಲೆ ಒಂದು ಕಣ್ಣಿಡಿ.

ಮಾರ್ಚ್‌ನಿಂದ ಮೇವರೆಗೆ ಸೆಖೆ ವಿಪರೀತ. ಹೋಗಲೇಬೇಕೆಂದಿದ್ದರೆ ಬೆಳಗ್ಗೆ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ಮೇಲೆ ಗಾಡಿ ಓಡಿಸಿ, ನಡುವೆ ನೆರಳು ಹಿಡಿಯಿರಿ. ಮಳೆಗಾಲದ ಕರಾವಳಿಯ ಚೆಲುವನ್ನು ನಾನೂ ಬಲ್ಲೆ. ಆದರೂ ಮೊದಲ ಸಲ ಒಂಟಿಯಾಗಿ, ಅದೂ ದ್ವಿಚಕ್ರ ವಾಹನದಲ್ಲಿ ಹೊರಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ಬೇಡ ಎಂದೇ ಹೇಳುತ್ತೇನೆ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಾಗ ಚಹಾ ಕುಡಿಯಲು ನಿಂತಿದ್ದವರೂ ಬದುಕಲಿಲ್ಲ. ಮಳೆಯಲ್ಲಿ ಹೋಗುವವರು ಗುಡ್ಡ ಕಡಿದು ಮಾಡಿದ ರಸ್ತೆಯ ಬದಿ ಯಾವ ಕಾರಣಕ್ಕೂ ಗಾಡಿ ನಿಲ್ಲಿಸಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ತಾಜಾ ಮೀನು ಕಡಿಮೆ, ದರವೂ ಹೆಚ್ಚು.

ದಕ್ಷಿಣದಿಂದ ಉತ್ತರಕ್ಕೆ ಹೋಗಿ. ಇದಕ್ಕೆ ಕಾರಣವಿದೆ. ನಮ್ಮಲ್ಲಿ ಗಾಡಿ ಓಡುವುದು ರಸ್ತೆಯ ಎಡಕ್ಕೆ. ಉತ್ತರಕ್ಕೆ ಮುಖ ಮಾಡಿದರೆ ಕಡಲೂ ಎಡಕ್ಕೇ ಇರುತ್ತದೆ. ಒಳದಾರಿ ಕಂಡ ಕೂಡಲೇ ತಿರುಗಿಸಬಹುದು. ಕಾರವಾರದಿಂದ ಶುರು ಮಾಡಿದರೆ ಪ್ರತಿ ಸಲವೂ ಡಿವೈಡರ್ ತೆರೆದ ಜಾಗ ಹುಡುಕಿ, ಎದುರಿಂದ ನುಗ್ಗಿ ಬರುವ ಬಸ್ಸು ಲಾರಿಗಳ ನಡುವೆ ರಸ್ತೆ ದಾಟಬೇಕು.

110 ಅಥವಾ 125 ಸಿಸಿಯ ಸ್ಕೂಟರ್ ಧಾರಾಳ ಸಾಕು. ಒಳದಾರಿಗಳಿಗೂ ದೋಣಿಗೂ ಕಾರಿಗಿಂತ ಅದೇ ಅನುಕೂಲ, ಹೆದ್ದಾರಿಯಲ್ಲಿ ಟೋಲ್ ಕೂಡ ಇಲ್ಲ. ಮೀನಿನ ಲಾರಿಯ ಹಿಂದೆ ಮಾತ್ರ ಎಂದೂ ಹೋಗಬೇಡಿ. ಅದರಿಂದ ಸುರಿಯುವ ನೀರು ತಿರುವಿನಲ್ಲಿ ಎಣ್ಣೆಯಂತೆ ಜಾರುತ್ತದೆ. ಸರ್ವಿಸ್ ರಸ್ತೆಗಳಲ್ಲಿ ಎದುರು ದಿಕ್ಕಿನಿಂದ ಬರುವವರು ಸಾಮಾನ್ಯ, ರಾತ್ರಿ ದನಗಳು ಡಾಂಬರಿನ ಮೇಲೆ ಮಲಗಿರುತ್ತವೆ. ಏಳು ಗಂಟೆಯೊಳಗೆ ಆ ದಿನದ ಓಡಾಟ ಮುಗಿಸುವುದು ಕ್ಷೇಮ. ಗಾಡಿ ಇಲ್ಲದವರೂ ಚಿಂತಿಸಬೇಕಿಲ್ಲ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಖಾಸಗಿ ಬಸ್ಸುಗಳು, ಭಟ್ಕಳದಿಂದಾಚೆ ಸರ್ಕಾರಿ ಬಸ್ಸುಗಳು ಸಿಗುತ್ತವೆ. 1998ರಿಂದ ಪೂರ್ತಿಯಾಗಿ ಓಡುತ್ತಿರುವ ಕೊಂಕಣ ರೈಲು ಇದೇ ಊರುಗಳನ್ನು ಹಾದು ಹೋಗುತ್ತದೆ.

ನೇತ್ರಾವತಿಯಿಂದ ಪಂಚಗಂಗಾವಳಿಗೆ

ಮಂಗಳೂರನ್ನು ನೋಡಲು ಬೇರೆಯೇ ಒಂದು ಸಲ ಬನ್ನಿ. ಈ ಪಯಣದಲ್ಲಿ ಬೆಳಗ್ಗೆ ಬನ್ಸ್ ತಿಂದು ಸುರತ್ಕಲ್ ದಾಟಿಬಿಡಿ. ಮೂಲ್ಕಿಯಲ್ಲಿ ಶಾಂಭವಿಯ ಅಳಿವೆ ಮೊದಲ ತಂಗುದಾಣ. ಸರ್ಫಿಂಗ್ ಕಲಿಯುವ ಆಸೆ ಇದ್ದವರಿಗೆ ಇಲ್ಲಿ ತರಬೇತಿ ಸಿಗುತ್ತದೆ, ಒಬ್ಬರೇ ಬಂದವರನ್ನು ಯಾವುದಾದರೂ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಮುಂದೆ ಪಡುಬಿದ್ರಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕರ್ನಾಟಕದ ಎರಡು ಕಡಲತೀರಗಳಲ್ಲಿ ಇದೊಂದು, ಇನ್ನೊಂದು ಹೊನ್ನಾವರದ ಕಾಸರಕೋಡು. ಶೌಚಾಲಯ, ಸ್ನಾನದ ಕೋಣೆ, ಜೀವರಕ್ಷಕರು ಇರುವ ಕಡೆ ನೀರಿಗಿಳಿಯಬೇಕೆಂದಿದ್ದರೆ ಇವೆರಡನ್ನು ಆರಿಸಿಕೊಳ್ಳಿ.

ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ ನಿಂತಿದೆ. ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಅಲ್ಲಿಂದ ಮಲ್ಪೆಗೆ ಹೆದ್ದಾರಿ ಹಿಡಿಯಬೇಡಿ, ಮಟ್ಟು ಮತ್ತು ಪಡುಕೆರೆಯ ಮೇಲೆ ಹೋಗಿ. ಉದ್ಯಾವರ ಹೊಳೆ ಕಡಲ ಹತ್ತಿರ ಬಂದರೂ ಸೇರದೆ, ಬಹಳ ದೂರ ಅದರ ಪಕ್ಕಪಕ್ಕದಲ್ಲೇ ಹರಿಯುತ್ತದೆ. ನಡುವಿನ ಕಿರಿದಾದ ಮರಳಿನ ಪಟ್ಟಿಯ ಮೇಲೆ ಮನೆ, ತೆಂಗು, ರಸ್ತೆ. ಎಡಕ್ಕೆ ಅಲೆಯ ಸದ್ದು, ಬಲಕ್ಕೆ ಅಲುಗಾಡದ ನೀರು. ಇಡೀ ಪಯಣದಲ್ಲಿ ಸ್ಕೂಟರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಭೌಗೋಳಿಕ ಸೂಚಕ ಪಡೆದ ಮಟ್ಟುಗುಳ್ಳ ಬೆಳೆಯುವುದು ಈ ಮಟ್ಟುವಿನಲ್ಲೇ. ತೆಳ್ಳಗಿನ ಸಿಪ್ಪೆಯ, ಹಸಿರು ಗೆರೆಗಳ ಆ ಬದನೆಯ ಹುಳಿ ಉಡುಪಿಯ ಊಟದಲ್ಲಿ ಸಿಕ್ಕರೆ ಬಿಡಬೇಡಿ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ತಣ್ಣಗಾಗುವಾಗ ಬಿರಿದು ಆರು ಮುಖದ ಕಂಬಗಳಾಗಿ ನಿಂತಿದೆ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಲಾಗಿದೆ. ಜನ ತುಂಬಿದ ಮೇಲೆಯೇ ದೋಣಿ ಹೊರಡುವುದರಿಂದ ಒಬ್ಬರೇ ಬಂದವರು ವಾರದ ನಡುದಿನ ಕಾಯಬೇಕಾಗಬಹುದು, ಭಾನುವಾರವಾದರೆ ಜಾತ್ರೆ. ಶನಿವಾರ ಬೆಳಗಿನ ಮೊದಲ ದೋಣಿ ಎರಡಕ್ಕೂ ಮಧ್ಯದ ದಾರಿ. ಮಳೆಗಾಲದಲ್ಲಿ ದೋಣಿ ಇಲ್ಲ.

ಮಧ್ಯಾಹ್ನ ಉಡುಪಿಯಲ್ಲಿದ್ದರೆ ಕೃಷ್ಣಮಠದ ಪಂಕ್ತಿಯಲ್ಲಿ ಊಟಕ್ಕೆ ಕೂರಿ. ಸಂಜೆ ಕೋಡಿ ಬೆಂಗ್ರೆ. ಸ್ವರ್ಣಾ, ಸೀತಾ ಎರಡೂ ಕೂಡಿ ಕಡಲಿಗಿಳಿಯುವ ಈ ತುದಿಯಲ್ಲಿ ರಸ್ತೆ ಮುಗಿಯುತ್ತದೆ. ಆಚೆ ದಡ ಕೂಗಿದರೆ ಕೇಳುವಷ್ಟು ಹತ್ತಿರ; ರಸ್ತೆಯಲ್ಲಿ ಹೋಗಬೇಕೆಂದರೆ ಕೆಮ್ಮಣ್ಣು ಸುತ್ತಿ, ಹೆದ್ದಾರಿ ಹಿಡಿದು ಹೋಗಬೇಕು. ಅಲ್ಲಿಂದ ಮುಂದೆ ತುಳು ಕಡಿಮೆಯಾಗಿ ಕುಂದಗನ್ನಡ ಕೇಳತೊಡಗುತ್ತದೆ. ಬಾರಕೂರಿನ ಬಸದಿಗಳು, ಶಿವರಾಮ ಕಾರಂತರು ಹುಟ್ಟಿದ ಕೋಟ ಇದೇ ಹಾದಿಯಲ್ಲಿವೆ. ‘ಮರಳಿ ಮಣ್ಣಿಗೆ’ ಓದಿದವರು ಉಪ್ಪುನೀರು ನುಗ್ಗುವ ಇಲ್ಲಿನ ಗದ್ದೆಗಳ ಅಂಚಿನಲ್ಲಿ ಅರ್ಧ ಗಂಟೆ ನಡೆದಾಡಲಿ, ಕಾದಂಬರಿಯ ಹೆಂಗಸರು ಯಾವ ನೆಲದೊಡನೆ ಹೋರಾಡಿದರು ಎಂಬುದು ಕಾಲಿಗೇ ತಿಳಿಯುತ್ತದೆ.

ಕುಂದಾಪುರದಲ್ಲಿ ಒಂದು ರಾತ್ರಿ ಉಳಿಯಿರಿ. ನೀರುದೋಸೆ, ಕೋಳಿ ಸುಕ್ಕ, ಚಿಕನ್ ಘೀ ರೋಸ್ಟ್ ಈ ಊರಿನ ಹೆಸರು ಹೊತ್ತವು. ಕೋಡಿಯ ಮರಳಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಅಲ್ಲಿ ಟಾರ್ಚ್ ಹಾಕಬೇಡಿ, ಬೆಂಕಿ ಹಚ್ಚಬೇಡಿ. ಬೆಳಕಿಗೆ ತಾಯಿ ಆಮೆ ಹಿಂದಿರುಗುತ್ತದೆ, ಮರಿಗಳು ಕಡಲೆಂದು ತಿಳಿದು ಊರ ಕಡೆ ತೆವಳುತ್ತವೆ.

ಅಘನಾಶಿನಿಯಲ್ಲಿ ನಿಧಾನಿಸಿ

ಮರವಂತೆಯ ಬಗ್ಗೆ ಬಹಳ ಜನ ಬರೆದಿದ್ದಾರೆ. ಒಂದೆಡೆ ಸೌಪರ್ಣಿಕಾ, ಇನ್ನೊಂದೆಡೆ ಕಡಲು, ನಡುವೆ ಹೆದ್ದಾರಿ. ಸಂಜೆಗಿಂತ ಬೆಳಗ್ಗೆ ಆರೂವರೆಗೆ ನೋಡಿ, ಲಾರಿಗಳೂ ಸೆಲ್ಫಿಯವರೂ ಇರುವುದಿಲ್ಲ. ಬೈಂದೂರಿನ ಒತ್ತಿನೆಣೆ ಗುಡ್ಡ, ಭಟ್ಕಳದ ಬಿರಿಯಾನಿ, ಮುರುಡೇಶ್ವರದ 123 ಅಡಿಯ ಶಿವ, ಇವಿಷ್ಟನ್ನು ಒಂದು ಹಗಲಲ್ಲಿ ಮುಗಿಸಬಹುದು. ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮಾಡುವವರು ಮುಂಚೆಯೇ ಕಾಯ್ದಿರಿಸಿರಬೇಕು.

ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ನಡೆದಾರಿ ಇದೆ. ಹಿನ್ನೀರಿನ ದೋಣಿಗೆ ಒಬ್ಬರಿಗೂ ಇಡೀ ದೋಣಿಯ ಬಾಡಿಗೆ ಕೇಳುತ್ತಾರೆ. ಸ್ವಲ್ಪ ಕಾದು ಯಾವುದಾದರೂ ಕುಟುಂಬದ ಜೊತೆ ಸೇರಿಕೊಳ್ಳಬಹುದೇ ಎಂದು ವಿಚಾರಿಸಿ, ಹೆಚ್ಚಾಗಿ ಯಾರೂ ಬೇಡ ಎನ್ನುವುದಿಲ್ಲ. ದೋಣಿಯಿಂದ ಕಾಣುವ ರೈಲ್ವೆ ಸೇತುವೆ ಎರಡು ಕಿ.ಮೀ.ಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮಂಡಳಿಯ ನೆಲೆ ಗುಣವಂತೆ ಇದೇ ತಾಲ್ಲೂಕಿನಲ್ಲಿದೆ.

ಇನ್ನು ಕುಮಟಾ. ಇಲ್ಲಿ ಎರಡು ರಾತ್ರಿ ಇರಿ ಎಂದು ಒತ್ತಾಯಿಸುತ್ತೇನೆ. ಗೋಕರ್ಣಕ್ಕೆ ಓಡುವ ಪ್ರವಾಸಿಗರು ಬಿಟ್ಟು ಹೋಗುವ ಈ ಊರಿನ ಪಕ್ಕದಲ್ಲೇ ಅಘನಾಶಿನಿಯ ಅಳಿವೆ ಇದೆ. ಶಿರಸಿಯ ಬಳಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಬರುವ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಣ್ಣೂ ಸಿಹಿನೀರೂ ತಡೆಯಿಲ್ಲದೆ ಬಂದು ಉಪ್ಪುನೀರಿನೊಡನೆ ಬೆರೆಯುವುದರಿಂದಲೇ ಇಲ್ಲಿ ಇಷ್ಟು ಮೀನು, ಏಡಿ, ಬಳಚು (ಚಿಪ್ಪುಮೀನು). 2024ರಲ್ಲಿ ಈ ಅಳಿವೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ಇಳಿತದ ಹೊತ್ತು ನೋಡಿಕೊಂಡು ಹೋಗಿ. ದಿನಕ್ಕೆ ಎರಡು ಭರತ, ಎರಡು ಇಳಿತ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ತಗ್ಗಿದಾಗ ಹೆಂಗಸರೂ ಗಂಡಸರೂ ಎದೆಮಟ್ಟದವರೆಗೆ ಇಳಿದು, ಕಾಲಿನಿಂದಲೇ ಕೆಸರು ತಡಕಿ ಬಳಚು ಪತ್ತೆ ಮಾಡುತ್ತಾರೆ. ಮುಳುಗಿ, ಮುಷ್ಟಿ ತುಂಬಿಕೊಂಡು ಏಳುತ್ತಾರೆ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಮಾತು ಮಾತ್ರ ನಿಲ್ಲುವುದಿಲ್ಲ. ದಡದಲ್ಲಿ ನಿಂತು ಕ್ಯಾಮೆರಾ ಎತ್ತುವ ಮೊದಲು ‘ಅಕ್ಕಾ, ಫೋಟೋ ತೆಗೀಲಾ?’ ಎಂದು ಕೇಳಿ. ಹತ್ತಿರದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಗೊಬ್ಬರ, ಔಷಧ ಏನೂ ಹಾಕದ ಬೆಳೆ ಅದು. ಬೆಳೆಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಗ್ಗದ ಕೆಂಪಕ್ಕಿ ಸಿಕ್ಕರೆ ಒಂದೆರಡು ಕಿಲೋ ಕೊಂಡುಕೊಳ್ಳಿ.

ಒಂದು ಬೆಳಗನ್ನು ಮಿರ್ಜಾನ ಕೋಟೆಗೆ ಕೊಡಿ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನೆನಪು ಈ ಕೆಂಪುಕಲ್ಲಿನ ಗೋಡೆಗಳಿಗಿದೆ. ಘಟ್ಟದ ಮೆಣಸು ಹೊಳೆಯ ಮೇಲೆ ಇಳಿದು ಹಡಗು ಸೇರುತ್ತಿದ್ದ ದಾರಿ ಇದು.

ಗೋಕರ್ಣಕ್ಕೆ ಹೋಗುವುದು ಹೇಗೆ? ಹೆದ್ದಾರಿಯಲ್ಲಿ ಮಾದನಗೇರಿ ಸುತ್ತಿದರೆ ಮೂವತ್ತು ಕಿ.ಮೀ. ದ್ವಿಚಕ್ರದವರು ಅಘನಾಶಿನಿ ಊರಿನಿಂದ ತದಡಿಗೆ ದೋಣಿ ಹಿಡಿಯಿರಿ. ಗಾಡಿಯನ್ನು ತಳ್ಳಿಯೇ ಹತ್ತಿಸಬೇಕು, ಅಲ್ಲಿದ್ದವರು ಕೇಳದೆಯೇ ಹಿಂದಿನಿಂದ ಕೈ ಕೊಡುತ್ತಾರೆ. ಸೈಡ್ ಸ್ಟ್ಯಾಂಡ್ ಸಾಲದು, ನಡುವಿನ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ಹಿಡಿದೇ ನಿಂತಿರಿ. ಸುತ್ತ ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಸಂತೆ ಚೀಲ. ತದಡಿಯಿಂದ ಗೋಕರ್ಣ ಹತ್ತು ಕಿ.ಮೀ. ಒಳಗೇ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕುಮಟಾದಲ್ಲೇ ಕೇಳಿಕೊಂಡು ಹೊರಡಿ, ಚಿಲ್ಲರೆ ಇಟ್ಟುಕೊಳ್ಳಿ.

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಬೆಳಗ್ಗೆ ಬೇಗ ಮುಗಿಸಿ. ಕುಡ್ಲೆ, ಓಂ ತೀರಗಳಿಗೆ ಗಾಡಿ ಹತ್ತಿರದವರೆಗೆ ಹೋಗುತ್ತದೆ. ಹಾಫ್ ಮೂನ್, ಪ್ಯಾರಡೈಸ್‌ಗೆ ಗುಡ್ಡದ ಕಾಲುದಾರಿ; ಅದನ್ನು ಒಬ್ಬರೇ ಸಂಜೆ ಹಿಡಿಯಬೇಡಿ. ಅಂಕೋಲಾ 1930ರ ಉಪ್ಪಿನ ಸತ್ಯಾಗ್ರಹದ ನೆಲ, ಮೇ ತಿಂಗಳಾದರೆ ಕರಿ ಈಶಾಡ ಮಾವಿನ ಊರು. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಇಪ್ಪತ್ತರ ಹರೆಯದಲ್ಲಿ ಇಲ್ಲಿ ತಂಗಿದ್ದಾಗ ಅವರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ನೌಕಾನೆಲೆಯ ಸುತ್ತಮುತ್ತ ಫೋಟೋ ತೆಗೆಯುವುದಕ್ಕೆ ನಿರ್ಬಂಧವಿದೆ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿದೆ. ಪಕ್ಕದ ಸೇತುವೆ ದಾಟಿ ಸದಾಶಿವಗಡದ ಗುಡ್ಡ ಹತ್ತಿದರೆ ಕಾಳಿಯ ಅಳಿವೆ ಪೂರ್ತಿ ಕಣ್ಣಿಗೆ ಬೀಳುತ್ತದೆ. ಹಿಂದಿರುಗುವಾಗ ಗಾಡಿ ಓಡಿಸಲು ಮನಸ್ಸಿಲ್ಲದಿದ್ದರೆ ರೈಲಿನಲ್ಲಿ ಪಾರ್ಸೆಲ್ ಹಾಕಬಹುದು. ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿಸುತ್ತಾರೆ, ಆರ್‌ಸಿ ಪ್ರತಿ ಕೇಳುತ್ತಾರೆ, ಒಂದು ದಿನ ಮೊದಲೇ ನಿಲ್ದಾಣದಲ್ಲಿ ವಿಚಾರಿಸಿ.

ನೀರು, ಕೋಣೆ, ಊಟ

ಒಂಟಿಯಾಗಿ ಹೋಗುವವರಿಗೆ ಈ ದಾರಿಯಲ್ಲಿ ಕಳ್ಳರಿಗಿಂತ ಕಡಲಿನ ಭಯವಿರಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರು ಪಾಲಾದರು. ಅದು ಮಳೆಗಾಲವಲ್ಲ, ಕಡಲು ತಣ್ಣಗಿದೆ ಎಂದು ಎಲ್ಲರೂ ನಂಬುವ ತಿಂಗಳು. ದಡಕ್ಕೆ ಬಂದ ನೀರು ಹಿಂದಿರುಗುವಾಗ ಒಂದೇ ಜಾಗದಲ್ಲಿ ತೋಡಿನಂತೆ ಹರಿದು ಆಳಕ್ಕೆ ಸೆಳೆಯುತ್ತದೆ. ಎರಡು ಬದಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ಅದೇ ಆ ಜಾಗ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿ ಹೊರಬನ್ನಿ. ಅಳಿವೆಯ ಬಾಯಲ್ಲಿ ಮೊಣಕಾಲಿನಷ್ಟು ನೀರಿಗೂ ಇಳಿಯಬಾರದು. ಇಳಿತದ ಹೊತ್ತಿನಲ್ಲಿ ಹೊಳೆಯ ಹರಿವೂ ಕಡಲಿನ ಸೆಳೆತವೂ ಒಂದೇ ದಿಕ್ಕಿಗಿರುತ್ತವೆ. ತೊಂದರೆಯಾದರೆ 112ಕ್ಕೆ ಕರೆ ಮಾಡಿ.

ಯಾತ್ರಾಸ್ಥಳಗಳ ಕೆಲವು ಲಾಡ್ಜ್‌ಗಳಲ್ಲಿ ಒಬ್ಬರೇ ಬಂದವರಿಗೆ, ಹೆಂಗಸಾಗಲಿ ಗಂಡಸಾಗಲಿ, ಕೋಣೆ ಕೊಡಲು ಹಿಂದೇಟು ಹಾಕುತ್ತಾರೆ. ರಾತ್ರಿ ಹೊತ್ತು ಬಾಗಿಲಲ್ಲಿ ನಿಂತು ವಾದಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ಹಿಂದಿನ ದಿನವೇ ಫೋನ್ ಮಾಡಿ, ‘ಒಬ್ಬರೇ ಬರುತ್ತಿದ್ದೇನೆ’ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಹೋಂಸ್ಟೇಗಳಲ್ಲಿ ಈ ತಾಪತ್ರಯ ಕಡಿಮೆ, ಮನೆ ಊಟವೂ ಸಿಗುತ್ತದೆ. ಒಬ್ಬರೇ ಹೊರಟ ಹೆಣ್ಣುಮಕ್ಕಳಿಗೆ ಒಂದು ಮಾತು. ಇಲ್ಲಿ ಮೀನು ಮಾರುಕಟ್ಟೆಯಲ್ಲಿ, ಅಂಗಡಿಯ ಗಲ್ಲೆಯಲ್ಲಿ, ಹೋಟೆಲಿನ ಒಲೆಯ ಮುಂದೆ ಹೆಂಗಸರೇ ಹೆಚ್ಚು. ದಾರಿ, ಕೋಣೆ, ದೋಣಿ ಏನೇ ಇರಲಿ ಅವರನ್ನೇ ಕೇಳಿ. ಸರಿಯಾದ ಉತ್ತರವೂ ಸಿಗುತ್ತದೆ, ಎಚ್ಚರಿಕೆಯ ಒಂದು ಮಾತೂ ಜೊತೆಗೆ ಬರುತ್ತದೆ.

‘ಮೀನೂಟ’ ಎಂಬ ಬೋರ್ಡು ಕಂಡ ಸಣ್ಣ ಹೋಟೆಲಿಗೆ ಒಂದೂವರೆಯೊಳಗೆ ಹೋಗಿ, ತಡವಾದರೆ ಸಾರು ತಳ ಹಿಡಿದಿರುತ್ತದೆ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ ಊಟದ ಲೆಕ್ಕದಲ್ಲೇ ಬರುತ್ತವೆ, ಫ್ರೈ ಬೇರೆ. ಅಂಜಲ್, ಪಾಂಪ್ಲೆಟ್ ದರ ತುಂಡಿನ ಗಾತ್ರದ ಮೇಲೆ, ಮೊದಲೇ ಕೇಳಿಕೊಳ್ಳಿ. ಬಂಗುಡೆಯೂ ಬೂತಾಯಿಯೂ ಕಡಿಮೆ ಬೆಲೆಯವು, ಬೇಗ ಖರ್ಚಾಗುವುದರಿಂದ ತಾಜಾ ಕೂಡ. ಶಾಕಾಹಾರಿಗಳಿಗೆ ಉಡುಪಿಯವರೆಗೆ ಚಿಂತೆಯೇ ಇಲ್ಲ. ಹೊನ್ನಾವರ, ಕುಮಟಾ ಕಡೆ ತಂಬುಳಿ, ಅಪ್ಪೆಹುಳಿ, ಗರಿಗರಿ ತೊಡದೇವು ಕೇಳಿ. ಸೆಖೆಗೆ ಮುರುಗಲ ಹಣ್ಣಿನ ಶರಬತ್ತು.

ರಜೆ ಮೂರೇ ದಿನ ಎಂದಾದರೆ ಇಡೀ 270 ಕಿ.ಮೀ. ಮುಗಿಸಲು ಹೋಗಬೇಡಿ. ರೈಲಿನಲ್ಲಿ ಕುಮಟಾಕ್ಕೆ ಬಂದಿಳಿದು, ಮಿರ್ಜಾನ, ಅಘನಾಶಿನಿ, ತದಡಿಯ ದೋಣಿ, ಗೋಕರ್ಣ ಇಷ್ಟನ್ನೇ ನಿಧಾನವಾಗಿ ನೋಡಿ. ಉಳಿದ ಅಳಿವೆಗಳಿಗೆ ಇನ್ನೊಂದು ಚಳಿಗಾಲದಲ್ಲಿ ಬನ್ನಿ.